ಹೇಳಿಕೊಡಬೇಡಿ

ಸಂಯೋಜಕಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರು ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಮೂಗಿನ ತುದಿಯವರೆಗೆ ಬಂದು ನಿಲ್ಲುವಷ್ಟು ತಾಳ್ಮೆ ಅವಳ ಕೋಪಕ್ಕೆ ಎಲ್ಲಿತ್ತು? ಬೆನ್ನ ಹಿಂದೆ ಅವಳನ್ನು ‘ಪಟಾಕಿ’ ಎನ್ನುತ್ತಿದ್ದರು, ಎದುರಿಗೆ ಮೇಡಂ. ಅವಳಿಗೂ ಅದು ಗೊತ್ತಿತ್ತು. ಅನ್ನಲಿ, ಒದ್ದೆ ಬೆಂಕಿಕಡ್ಡಿ ಆಗುವುದಕ್ಕಿಂತ ವಾಸಿ ಎಂದುಕೊಂಡು ಸುಮ್ಮನಿದ್ದಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಕೈಲಾಗದವರಿಗೆ ಊಟ ತಲುಪಿಸುವವರು ಒಂದು ಕಡೆ, ಗಾಲಿಕುರ್ಚಿ ಕೊಡುವವರು ಇನ್ನೊಂದು ಕಡೆ, ಮರೆವಿನ ಕಾಯಿಲೆ ನೋಡುವ ಕ್ಲಿನಿಕ್ಕು ಮತ್ತೊಂದು ಕಡೆ, ಮನೆಗೆ ಸಹಾಯಕಿಯನ್ನು ಕಳಿಸುವ ವಿಭಾಗ ಮಗದೊಂದು ಕಡೆ. ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡುವಂತೆ ಮಾಡಬೇಕು, ಅಷ್ಟೇ. ಆದರೆ ಒಂದೇ ಕಟ್ಟಡದಲ್ಲಿ, ಒಂದೇ ಲಿಫ್ಟಿನಲ್ಲಿ ಓಡಾಡುವ ಇವರು ಬೇರೆ ಬೇರೆ ಗ್ರಹದವರ ಹಾಗೆ ಬದುಕುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲರನ್ನೂ ಒಂದು ಉದ್ದನೆಯ ಮೇಜಿನ ಸುತ್ತ ಕೂರಿಸಿ, ಬಿಸ್ಕತ್ತು ಕೊಟ್ಟು, ಬಾಯಿ ಬಿಡಿಸುವುದರಲ್ಲಿ ಅವಳಿಗೆ ಸಾಕುಸಾಕಾಗಿ ಹೋಗುತ್ತಿತ್ತು.

ಆ ದಿನ ಮೇಜಿನ ಮೇಲೆ ಬಂದದ್ದು ಒಬ್ಬ ಅಕ್ಕ, ಒಬ್ಬ ತಮ್ಮ. ಅಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿದ್ದವಳು, ಮದುವೆ ಆದವಳಲ್ಲ. ಈಗ ಮರೆವು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ತಮ್ಮ ಬಸ್ಸು ಓಡಿಸುತ್ತಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದವನು. ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಇಬ್ಬರಿಗೂ ವಯಸ್ಸಾಗಿತ್ತು, ಇಬ್ಬರಿಗೂ ಇನ್ಯಾರೂ ಇರಲಿಲ್ಲ. ಬೆಳಗಿನ ಹೊತ್ತು ಒಬ್ಬ ಸಹಾಯಕಿ ಬಂದು ತಮ್ಮನಿಗೆ ಸ್ನಾನ ಮಾಡಿಸಿ, ಒಲೆ ಕಡೆ ನೋಡಿ ಹೋದರೆ ಸಾಕು ಎಂದು ಸಂಯೋಜಕಿ ಕೇಳಿದ್ದಳು.

“ಅವರನ್ನ ನೋಡ್ಕೊಳ್ಳೋಕೆ ಮನೇಲಿ ಅಕ್ಕ ಇದಾರಲ್ಲ ಮೇಡಂ,” ಎಂದ ಗಾಲಿಕುರ್ಚಿ ವಿಭಾಗದವನು.

“ಅಕ್ಕನ್ನ ನೋಡ್ಕೊಳ್ಳೋಕೆ ತಮ್ಮ ಇದಾರೆ,” ಎಂದಳು ಮರೆವಿನ ಕ್ಲಿನಿಕ್ಕಿನವಳು. “ತುಂಬಾ ಚುರುಕು ಮನುಷ್ಯ. ಅಕ್ಕನ ಮಾತ್ರೆ ಎಲ್ಲ ಅವರೇ ನೆನಪಿಸ್ತಾರೆ.”

“ಅಲ್ಲಿಗೆ ಮುಗೀತು,” ಎಂದಳು ಸಂಯೋಜಕಿ. “ಅವರನ್ನ ಇವರು ನೋಡ್ಕೊಳ್ತಾರೆ, ಇವರನ್ನ ಅವರು ನೋಡ್ಕೊಳ್ತಾರೆ. ನಾವು ಬಿಸ್ಕತ್ತು ನೋಡ್ಕೊಳ್ಳೋಣ.”

ಯಾರೋ ಕಿಸಕ್ಕನೆ ನಕ್ಕರು. ಆ ನಗೆಗೆ ಅವಳ ಪಿತ್ತ ನೆತ್ತಿಗೇರಿತು.

“ನಗಬೇಡಿ! ಹೋದ ವಾರ ಆ ಮನುಷ್ಯ ಬಚ್ಚಲಲ್ಲಿ ಜಾರಿ ಬಿದ್ರು. ಅಕ್ಕ ‘ತಾಳೋ, ಯಾರನ್ನಾದ್ರೂ ಕರ್ಕೊಂಡು ಬರ್ತೀನಿ’ ಅಂತ ಓಡಿಹೋದ್ರು. ಮೆಟ್ಟಿಲು ಇಳಿಯೋ ಹೊತ್ತಿಗೆ ಯಾಕೆ ಇಳಿದೆ ಅನ್ನೋದು ಮರೆತುಹೋಯ್ತು. ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತ್ಕೊಂಡು ಆಡೋ ಮಕ್ಕಳಿಗೆ ಮಗ್ಗಿ ಕೇಳ್ತಿದ್ರು. ಮೇಲೆ ತಮ್ಮ ಒದ್ದೆ ನೆಲದಲ್ಲಿ ಬಿದ್ಕೊಂಡಿದ್ರು. ಊಟ ತಂದವನು ಬಾಗಿಲು ತಟ್ಟಿ ತಟ್ಟಿ ಒಳಗೆ ನುಗ್ಗದೇ ಇದ್ದಿದ್ರೆ ಏನು ಗತಿ? ಹೇಳಿ, ಏನು ಗತಿ?”

ಊಟದ ವಿಭಾಗದವನು, ಅದು ತನಗೆ ಸಂದ ಹೊಗಳಿಕೆ ಎನ್ನುವಂತೆ, ತಲೆಯಾಡಿಸಿದ.

ಮೇಜಿನ ತುದಿಯಲ್ಲಿ ಮೇಲಧಿಕಾರಿ ಕೂತಿದ್ದ. ಬೆಣ್ಣೆಯಲ್ಲಿ ಅದ್ದಿದ ಹಾಗೆ ಮಾತಾಡುವವನು. ಜಗಳ ಆಡೋಣ ಅಂದರೆ ಹಿಡಿತವೇ ಸಿಗುತ್ತಿರಲಿಲ್ಲ. “ಮೇಡಂ, ನಿಮ್ಮ ಕಾಳಜಿ ನನಗೆ ಅರ್ಥ ಆಗುತ್ತೆ,” ಎಂದ. “ಆದ್ರೆ ಸಹಾಯಕಿ ಕೊಡ್ಬೇಕಾದ್ರೆ ಮನೇಲಿ ನೋಡ್ಕೊಳ್ಳೋರಿಗೆ ಕೈಲಾಗಲ್ಲ ಅಂತ ಆಗ್ಬೇಕು, ಪರೀಕ್ಷೇಲಿ ಅವರ ಅಂಕ ನಲವತ್ತರ ಒಳಗಿರ್ಬೇಕು. ನಮ್ಮ ಹುಡುಗ ಮನೆಗೇ ಹೋಗಿ ಪರೀಕ್ಷೆ ಮಾಡಿ ಬಂದಿದಾನೆ. ಆ ಹೆಣ್ಣುಮಗಳಿಗೆ ನೂರಕ್ಕೆ ಎಂಬತ್ತೆರಡು ಬಂದಿದೆ. ಎಂಬತ್ತೆರಡು! ನನಗೂ ಅಷ್ಟು ಬರುತ್ತೋ ಇಲ್ವೋ.”

“ಹಾಗಾದ್ರೆ ಇನ್ನೊಂದು ಸಲ ಪರೀಕ್ಷೆ ಮಾಡಿ.”

“ಮಾಡೋಣ. ನಿಯಮದಲ್ಲಿ ಇನ್ನೊಂದು ಸಲಕ್ಕೆ ಅವಕಾಶ ಇದೆ. ಆದ್ರೆ ಆಗ್ಲೂ ಸಹಾಯಕಿ ಸಿಗದೇ ಹೋದ್ರೆ, ಬಿದ್ದ ಘಟನೆ ಆಗಿರೋದ್ರಿಂದ, ಅವರನ್ನ ಆ ಮನೇಲಿ ಬಿಡೋ ಹಾಗಿಲ್ಲ. ತಮ್ಮನ್ನ ಗಂಡಸರ ಆರೈಕೆ ಕೇಂದ್ರಕ್ಕೆ ಸೇರಿಸ್ಬೇಕಾಗುತ್ತೆ. ಆಮೇಲೆ ಅಕ್ಕ ಒಬ್ಬರೇ ಇರೋಕಾಗಲ್ಲ, ಅವರನ್ನ ಹೆಂಗಸರ ಕೇಂದ್ರಕ್ಕೆ.”

ಗಂಡಸರ ಕೇಂದ್ರ ಊರಿನ ಈ ತುದಿ, ಹೆಂಗಸರದು ಆ ತುದಿ. ಇವನ ನಿಯಮದ ಮನೆ ಹಾಳಾಗ! ದಿನಕ್ಕೆ ಒಂದು ಗಳಿಗೆ ಒಬ್ಬಳು ಹೆಂಗಸನ್ನು ಕಳಿಸುವುದಕ್ಕೆ ಇವರ ಕೈ ಬರುವುದಿಲ್ಲ. ಎರಡು ಜೀವಗಳನ್ನು ಎರಡು ದಿಕ್ಕಿಗೆ ಎಸೆಯುವುದಕ್ಕೆ ಮಾತ್ರ ಎಲ್ಲ ವಿಭಾಗಗಳೂ ಸಜ್ಜಾಗಿ ನಿಂತಿವೆ. ಸಂಯೋಜಕಿ ಕುರ್ಚಿಯನ್ನು ಕಿರ್ರೆಂದು ಹಿಂದಕ್ಕೆ ತಳ್ಳಿ ಎದ್ದಳು.

“ಬಿಸ್ಕತ್ತು ಮಿಕ್ಕಿದೆ, ತಿನ್ನಿ,” ಎಂದು ಹೇಳಿ ಹೊರಟೇಬಿಟ್ಟಳು.

ಅಕ್ಕತಮ್ಮಂದಿರ ಮನೆ ಹಳೆಯ ವಸತಿ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಒಂದು ಹಜಾರ, ಒಂದು ಮಲಗುವ ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಂಥ ಅಡುಗೆಮನೆ. ಬಾಗಿಲು ತೆರೆದವಳು ಅಕ್ಕ. ಇಸ್ತ್ರಿ ಮಾಡಿದ ಸೀರೆ, ನೀಟಾಗಿ ಬಾಚಿದ ಬಿಳಿ ಕೂದಲು, ಮೂಗಿನ ಮೇಲೆ ಕನ್ನಡಕ. ನೋಡಿದರೆ ಈಗ ತಾನೇ ಪ್ರಾರ್ಥನೆ ಮುಗಿಸಿ ಮಕ್ಕಳನ್ನು ತರಗತಿಗೆ ಕಳಿಸಿ ಬಂದವಳ ಹಾಗಿದ್ದಳು.

“ಬಾಮ್ಮ, ಬಾ. ತಡ ಆಯ್ತಲ್ಲ?” ಎಂದಳು, ಯಾರು ಬಂದದ್ದು ಎಂದು ಒಂದಿಷ್ಟೂ ಗೊತ್ತಿಲ್ಲದಿದ್ದರೂ.

ಒಳಗೆ ಗಾಲಿಕುರ್ಚಿಯಲ್ಲಿ ತಮ್ಮ. ಅಕ್ಕ ಹೋಗಿ ಯಾವಾಗಿನಂತೆ ಅವನ ಬಲಕ್ಕಿದ್ದ ಬೆತ್ತದ ಕುರ್ಚಿಯಲ್ಲಿ ಕೂತಳು. ಸಂಯೋಜಕಿ ಈ ಮನೆಗೆ ಎಷ್ಟೋ ಸಲ ಬಂದಿದ್ದಳು. ಆದರೆ ಎಂಬತ್ತೆರಡು ಅಂಕ ಹೇಗೆ ಬಂತು ಎಂಬ ಹುಳ ತಲೆಯಲ್ಲಿ ಹೊಕ್ಕಿದ್ದರಿಂದ ಇವತ್ತು ಕಣ್ಣಿಟ್ಟು ನೋಡಿದಳು.

“ನಿನ್ನೆ ಮಧ್ಯಾಹ್ನ ನಾವು,” ಎಂದು ಶುರು ಮಾಡಿದ ಅಕ್ಕ ಕತ್ತನ್ನು ತುಸು ಎಡಕ್ಕೆ ವಾಲಿಸಿದಳು.

“ಕಿಟಕಿ ಪರದೆ,” ಎಂದ ತಮ್ಮ, ಕೆಮ್ಮಿದಷ್ಟು ಸಣ್ಣಗೆ.

“ಕಿಟಕಿ ಪರದೆ ತೆಗ್ಸಿ ಒಗ್ಸಿದ್ವಿ. ಎಷ್ಟು ಕೊಳೆ ಅಂತೀಯ! ಆ ನಮ್ಮ,” ಕತ್ತು ಎಡಕ್ಕೆ.

“ಪಕ್ಕದ್ಮನೆಯವರು.”

“ಪಕ್ಕದ್ಮನೆಯವರು ಬಂದು ಕೈ ಹಾಕಿದ್ರು ಅಂತ ಆಯ್ತು.”

ಹೊಲಿಗೆಯೇ ಕಾಣಿಸುತ್ತಿರಲಿಲ್ಲ. ಒಬ್ಬರ ಮಾತು ಮುರಿದಲ್ಲಿ ಇನ್ನೊಬ್ಬರದು ಕೂಡಿಕೊಂಡು, ಒಂದೇ ಬಾಯಿಯಿಂದ ಬಂದ ಹಾಗೆ ಕೇಳುತ್ತಿತ್ತು. ಸಂಯೋಜಕಿ ಹಣೆ ಚಚ್ಚಿಕೊಂಡಳು. ಅಕ್ಕ ಬಟ್ಟೆ ಮಡಚಲು ಒಳಗೆ ಹೋದದ್ದೇ ತಡ, ಕುರ್ಚಿಯನ್ನು ಎಳೆದುಕೊಂಡು ತಮ್ಮನ ಎದುರಿಗೆ ಕೂತಳು.

“ಯಜಮಾನ್ರೇ, ಪರೀಕ್ಷೆಯವನು ಬಂದಾಗ ನೀವು ಹೇಳ್ಕೊಟ್ರಾ?”

ಅವನು ಕಳ್ಳನಗೆ ನಕ್ಕ. “ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಎಲ್ಲ.”

“ಅಯ್ಯೋ ನಿಮ್ಮ! ಟೀ ಮಾಡಿ ತೋರಿಸಿ ಅಂದಿರ್ತಾನಲ್ಲ, ಅಡುಗೆಮನೆಗೂ ಹೋಗಿ ಹೇಳ್ಕೊಟ್ರಾ?”

“ಇಲ್ಲಿಂದ್ಲೇ ಹೇಳ್ತೀನಿ ಮೇಡಂ. ಬಸ್ಸನ್ನ ಹಿಂದಕ್ಕೆ ತಗೊಳ್ಳುವಾಗ ಕಂಡಕ್ಟರ್ ಕೂಗಿ ಹೇಳ್ತಾನಲ್ಲ, ಬರ್ಲಿ ಬರ್ಲಿ, ನಿಲ್ಸು ಅಂತ, ಹಾಗೆ. ಕಡ್ಡಿ ಗೀರಕ್ಕ, ನೀರಿಡಕ್ಕ, ಪುಡಿ ಹಾಕಕ್ಕ. ಆ ಹುಡುಗ ನಾವು ತಮಾಷೆ ಮಾಡ್ತಿದೀವಿ ಅಂದ್ಕೊಂಡು ಅವನೂ ನಗ್ತಿದ್ದ.” ಅವನ ಮುಖದಲ್ಲಿ ಹೆಮ್ಮೆ ಬೇರೆ. “ಎಂಬತ್ತೆರಡು ಬಂತಂತೆ. ಅಕ್ಕನಿಗೆ ಹೇಳಿದ್ರೆ, ಹದಿನೆಂಟು ಎಲ್ಲಿ ಹೋಯ್ತು ಅಂತ ನನ್ನನ್ನೇ ಬೈದಳು.”

“ಈ ಪರೀಕ್ಷೇಲಿ ಪಾಸಾಗ್ಬಾರ್ದು ಯಜಮಾನ್ರೇ! ಫೇಲಾಗ್ಬೇಕು! ಎಷ್ಟು ಚೆನ್ನಾಗಿ ಫೇಲಾದ್ರೆ ಅಷ್ಟು ಒಳ್ಳೇದು!”

ಅವನಿಗೆ ಅದು ತಲೆಗೇ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಜೀವಮಾನವೆಲ್ಲ ಅಂಕ ಹಾಕಿದ ಹೆಂಗಸಿನ ತಮ್ಮ. ಯಾರೋ ಬಂದು ಅಕ್ಕನನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ ಎಂದರೆ ಅವಳು ತಲೆ ತಗ್ಗಿಸಬಾರದು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಸಂಯೋಜಕಿ ಬಿಡಿಸಿ ಬಿಡಿಸಿ ಹೇಳಿದಳು: ಅಂಕ ಕಡಿಮೆ ಬಂದರೆ ಸಹಾಯಕಿ. ಜಾಸ್ತಿ ಬಂದರೆ ನೀವು ಒಂದು ಕಡೆ, ಅಕ್ಕ ಒಂದು ಕಡೆ. ಅವಳು ಮಾತು ಮುಗಿಸುವ ಹೊತ್ತಿಗೆ ಅವನ ಮುಖ ಸುಣ್ಣದ ಹಾಗಾಗಿತ್ತು.

“ಅವಳು ಅಲ್ಲಿ ಯಾರನ್ನ ಕೇಳ್ತಾಳೆ?” ಎಂದ.

“ಅದಕ್ಕೇ ಹೇಳ್ತಿರೋದು. ಅವನು ಮತ್ತೆ ಬಂದಾಗ ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ. ಒಂದಕ್ಷರ ಹೇಳಿಕೊಡ್ಬೇಡಿ. ಮನೆ ಒಪ್ಪ ಮಾಡ್ಬೇಡಿ, ಸೀರೆ ಆರಿಸಿ ಕೊಡ್ಬೇಡಿ. ನೀವಿಲ್ದೇ ಇದ್ರೆ ಅವರು ಹೇಗಿರ್ತಾರೋ ಅದನ್ನ ಆ ಪುಣ್ಯಾತ್ಮ ಕಣ್ಣಾರೆ ನೋಡ್ಲಿ.”

“ಆಗಲ್ಲ.”

“ಏನು ಆಗಲ್ಲ?”

“ನಂಗಾಗಲ್ಲ ಮೇಡಂ. ನಮ್ಮಮ್ಮ ಹೋದಾಗ ನಾನಿನ್ನೂ ಲಂಗೋಟಿ ಕಟ್ಕೊಂಡು ಓಡಾಡ್ತಿದ್ದೆ. ಎತ್ತಿ ಆಡ್ಸಿದ್ದು ಇವಳು, ಅಕ್ಷರ ತಿದ್ಸಿದ್ದು ಇವಳು. ಮೂರನೇ ಮನುಷ್ಯನ ಎದುರಿಗೆ ಇವಳ ಮರ್ಯಾದೆ ಕಳೀಲಾ ನಾನು?”

ಸಂಯೋಜಕಿಗೆ ಮೈಯೆಲ್ಲ ಉರಿದುಹೋಯಿತು. “ಮರ್ಯಾದೆ! ಮರ್ಯಾದೆ ಇಟ್ಕೊಂಡು ಏನ್ಮಾಡ್ತೀರಿ? ಬಚ್ಚಲಲ್ಲಿ ಬಿದ್ಕೊಂಡಿದ್ರಲ್ಲ, ಆವತ್ತು ಎಲ್ಲಿತ್ತು ನಿಮ್ಮ ಮರ್ಯಾದೆ? ನಾನು ಆ ಮೇಜಿನ ಮುಂದೆ ಗಂಟಲು ಹರ್ಕೊಂಡು ಬರ್ತೀನಿ, ನೀವಿಲ್ಲಿ ಕೂತು ನನ್ನ ಮಾತಿಗೆ ಮಣ್ಣು ಹಾಕ್ತೀರಿ! ಹೋಗಿ ಹಾಗಾದ್ರೆ, ಕೇಂದ್ರದಲ್ಲಿ ಇಬ್ರೂ ಬೇರೆ ಬೇರೆ ಮರ್ಯಾದೆಯಿಂದ ಇರಿ!”

ಇಷ್ಟು ಜೋರು ಸದ್ದಿಗೆ ಅಕ್ಕ ಹೊರಗೆ ಬಂದಳು. ಸೊಂಟದ ಮೇಲೆ ಕೈ. “ಏನಮ್ಮ, ಸಂತೇಲಿ ನಿಂತ ಹಾಗೆ ಕಿರುಚ್ತೀಯ? ಅವನಿಗೆ ಹುಷಾರಿಲ್ಲ ಅಂತ ಕಾಣಿಸಲ್ವಾ? ಕೂತ್ಕೊಂಡು ಮೆತ್ತಗೆ ಮಾತಾಡು.”

ಪಟಾಕಿ ಟುಸ್ಸೆಂದಿತು. “ತಪ್ಪಾಯ್ತು ಟೀಚರಮ್ಮ,” ಎಂದು ಕೂತುಬಿಟ್ಟಳು. ಅಕ್ಕ ಸಮಾಧಾನವಾಗಿ ಒಳಗೆ ಹೋದಳು. ತಮ್ಮ ಬಹಳ ಹೊತ್ತು ತನ್ನ ಸತ್ತ ಕೈಯನ್ನು ಇನ್ನೊಂದು ಕೈಯಿಂದ ನೀವುತ್ತಾ ಇದ್ದ.

“ಒಂದೇ ಒಂದು ದಿನ ತಾನೇ?” ಎಂದ ಕೊನೆಗೆ.

“ಒಂದೇ ದಿನ. ಆಮೇಲೆ ಅವರಿಗೆ ಅದು ನೆನಪೂ ಇರಲ್ಲ.”

ಇದನ್ನು ಹೇಳುವಾಗ ಅವಳಿಗೆ ತಾನು ದೊಡ್ಡ ಸಮಾಧಾನ ಹೇಳುತ್ತಿದ್ದೇನೆ ಎಂದೇ ಅನಿಸಿತ್ತು.

ಪರೀಕ್ಷೆಯ ದಿನ ಜಿಟಿಜಿಟಿ ಮಳೆ. ಅಂಕ ಹಾಕುವ ಹುಡುಗ ಕೊಡೆಯನ್ನು ಬಾಗಿಲ ಹೊರಗೆ ಇಟ್ಟು, ಕಾಲು ಒರೆಸಿಕೊಂಡು ಬಂದ. ಹುಡುಗ ಎಂದು ಮೇಲಧಿಕಾರಿ ಕರೆಯುತ್ತಿದ್ದನೇ ವಿನಾ ಅವನಿಗೆ ತಲೆ ಆಗಲೇ ಬೋಳಾಗುತ್ತಿತ್ತು. ಕೆಟ್ಟವನೇನಲ್ಲ, ಪಾಪ. ದೊಡ್ಡವರನ್ನು ಕಂಡರೆ ಬಗ್ಗಿ ಮಾತಾಡುವವನು. ಕೆಟ್ಟವನಾಗಿದ್ದರೆ ಸಂಯೋಜಕಿಗೆ ಕೆಲಸ ಸುಲಭವಾಗುತ್ತಿತ್ತು, ಬೈಯಲು ಒಂದು ಮುಖವಾದರೂ ಇರುತ್ತಿತ್ತು.

“ನಮಸ್ಕಾರ ಟೀಚರ್,” ಎಂದ. ಅಷ್ಟಕ್ಕೇ ಅಕ್ಕ ಅರಳಿಬಿಟ್ಟಳು. ಬೆನ್ನು ನೆಟ್ಟಗಾಯಿತು, ದನಿಗೆ ಗತ್ತು ಬಂತು. “ಕೂತ್ಕೊಳ್ಳಿ. ಬೆನ್ನು ಬಗ್ಗಿಸ್ಬೇಡಿ, ಈ ವಯಸ್ಸಿಗೇ ಗೂನು ಬರುತ್ತೆ,” ಎಂದಳು. ಹುಡುಗ ಬೆನ್ನು ನೆಟ್ಟಗೆ ಮಾಡಿಕೊಂಡ. ಇವತ್ತು ಇವಳು ತೊಂಬತ್ತು ತೆಗೆದುಕೊಂಡರೂ ಆಶ್ಚರ್ಯವಿಲ್ಲ!

“ಟೀಚರ್, ಇದು ಯಾವ ತಿಂಗಳು?”

“ಎಂಥ ಪ್ರಶ್ನೆ ಅಂತ ಕೇಳ್ತೀರಿ! ನಿಮ್ಮನೇಲಿ ಕ್ಯಾಲೆಂಡರ್ ಇಲ್ವೇನ್ರಿ?”

ಹುಡುಗ ನಕ್ಕು ಅಂಕ ಹಾಕಲು ಪೆನ್ನು ಎತ್ತಿದ.

“ಅದು ಉತ್ತರ ಅಲ್ಲ,” ಎಂದಳು ಸಂಯೋಜಕಿ.

ಹುಡುಗ ಮುಜುಗರದಿಂದ ಮತ್ತೆ ಕೇಳಿದ. ಅಕ್ಕನ ಕತ್ತು ಎಡಕ್ಕೆ ವಾಲಿತು. ತಮ್ಮ ಮಂಡಿಯ ಮೇಲಿದ್ದ ಕೈಯನ್ನೇ ನೋಡುತ್ತಿದ್ದ. ಕತ್ತು ಇನ್ನಷ್ಟು ವಾಲಿತು. ಏನೂ ಬರಲಿಲ್ಲ.

“ಪುಟ್ಟ,” ಎಂದಳು ಅಕ್ಕ. ಬಿಳಿ ಗಡ್ಡದ ಆ ಮುದುಕನನ್ನು ಅವಳು ಇವತ್ತಿಗೂ ಕರೆಯುತ್ತಿದ್ದದ್ದು ಹಾಗೆಯೇ. “ಏನೋ, ಕೇಳಿಸ್ಲಿಲ್ವಾ?”

ಅವನು ತಲೆ ಎತ್ತಲಿಲ್ಲ.

“ಬೇಸಿಗೆ,” ಎಂದಳು ಅಕ್ಕ, ಹುಡುಗನ ಕಡೆ ತಿರುಗಿ. ಕಿಟಕಿಯ ಗಾಜಿನ ಮೇಲೆ ಮಳೆನೀರು ಇಳಿಯುತ್ತಿತ್ತು.

ಆಮೇಲೆ ಒಂದೊಂದೇ ಕಳಚಿಕೊಳ್ಳುತ್ತಾ ಹೋಯಿತು. ಬೆಳಿಗ್ಗೆ ಏನು ತಿಂದಿರಿ? ಎಡಕ್ಕೆ ತಿರುಗಿದಳು, ಏನೂ ಬರಲಿಲ್ಲ. ಮಾತ್ರೆ ಎಲ್ಲಿಡುತ್ತೀರಿ? ಮತ್ತೆ ತಿರುಗಿದಳು, ಈ ಸಲ ಹುಬ್ಬು ಗಂಟಿಕ್ಕಿ. ತಮ್ಮ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, “ಬೀಳ್ತಾನೆ, ಬೀಳ್ತಾನೆ, ಮರ ಹತ್ಬೇಡ ಅಂದ್ರೆ ಕೇಳಲ್ಲ,” ಎಂದಳು. ಅವಳ ಬೆರಳುಗಳು ಸೀರೆಯ ಸೆರಗನ್ನು ಸುರುಳಿ ಸುತ್ತಿ ಬಿಚ್ಚುತ್ತಿದ್ದವು. ತರಗತಿಯಲ್ಲಿ ಪಾಠ ಓದಿಕೊಂಡು ಬಾರದ ಮಗು ನಿಂತ ಹಾಗಿತ್ತು ಅವಳ ಮುಖ. ಎಷ್ಟು ಮಕ್ಕಳ ಅಂಥ ಮುಖ ಅವಳು ನೋಡಿದ್ದಳೋ ಏನೋ.

“ಒಂದು ಲೋಟ ಟೀ ಮಾಡಿ ತೋರಿಸ್ತೀರಾ ಟೀಚರ್?” ಎಂದ ಹುಡುಗ. ಅವನ ದನಿಯಲ್ಲಿದ್ದ ಉತ್ಸಾಹವೆಲ್ಲ ಇಳಿದುಹೋಗಿತ್ತು.

ಅಡುಗೆಮನೆಯಲ್ಲಿ ಅಕ್ಕ ಒಲೆಯ ಮುಂದೆ ನಿಂತಳು. ಹುಡುಗ, ಸಂಯೋಜಕಿ ಹೊಸ್ತಿಲಿನಲ್ಲಿ. ಅಕ್ಕ ಪಾತ್ರೆ ಎತ್ತಿಕೊಂಡಳು. ಒಲೆಯ ಮೇಲೆ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಹಜಾರದ ಕಡೆ ಕಿವಿಗೊಟ್ಟು ಕಾದಳು.

“ಪುಟ್ಟ, ಮುಂದೇನೋ?”

ಹಜಾರದಿಂದ ಸದ್ದಿಲ್ಲ.

“ಪುಟ್ಟ?”

ಅವಳ ಕೈ ತಂತಾನೇ ಗುಂಡಿ ತಿರುಗಿಸಿತು. ಗ್ಯಾಸು ಸುಯ್ಯೆನ್ನತೊಡಗಿತು. ಬೆಂಕಿಪೊಟ್ಟಣ ಕಣ್ಣೆದುರಿಗೇ ಇತ್ತು. ಅವಳು ಅದನ್ನು ನೋಡಿದಳು, ಅದು ಯಾತಕ್ಕೆ ಎಂದು ತಿಳಿಯದೆ ಪಕ್ಕಕ್ಕೆ ಸರಿಸಿದಳು. ಹುಡುಗನಿಗೆ ತಡೆಯಲಾಗಲಿಲ್ಲ.

“ಟೀಚರ್, ಮೊದ್ಲು ಕಡ್ಡಿ...”

“ಹೇಳಿಕೊಡಬೇಡಿ!” ಎಂದಳು ಸಂಯೋಜಕಿ.

ಆ ಮಾತು ಹಜಾರದವರೆಗೂ ಕೇಳಿಸಿರಬೇಕು. ಅವಳೇ ಒಳಗೆ ತೂರಿ ಗುಂಡಿ ತಿರುಗಿಸಿ ಗ್ಯಾಸು ನಿಲ್ಲಿಸಿ, ಕಿಟಕಿ ತೆಗೆದಳು. ಅಕ್ಕ ಇದ್ಯಾವುದನ್ನೂ ಗಮನಿಸದೆ ಖಾಲಿ ಪಾತ್ರೆಯೊಳಗೆ ಬಗ್ಗಿ ನೋಡುತ್ತಿದ್ದಳು.

“ಪುಟ್ಟ, ಇದೀಯೇನೋ?” ಎಂದು ಕೂಗಿದಳು. ದನಿಯಲ್ಲಿದ್ದ ಗತ್ತು ಹೋಗಿತ್ತು. “ಪುಟ್ಟಾ! ಎಲ್ಲಿ ಹೋದ್ಯೋ?”

ಪಾತ್ರೆಯನ್ನು ಎದೆಗವಚಿಕೊಂಡು, ಇಬ್ಬರನ್ನೂ ಸರಿಸಿಕೊಂಡು, ಹಜಾರಕ್ಕೆ ಬಂದಳು. ಮನೆಯಲ್ಲೇ ಇಲ್ಲ, ಹೊರಗೆಲ್ಲೋ ಹೋಗಿದ್ದಾನೆ ಎಂದೇ ಅವಳು ನಂಬಿದ್ದಿರಬೇಕು. ಗಾಲಿಕುರ್ಚಿಯಲ್ಲಿ ಅವನು ಕೂತಿದ್ದ. ಎಡಗೈಯನ್ನು ಬಾಯಿಗೆ ಬಲವಾಗಿ ಒತ್ತಿಕೊಂಡಿದ್ದ, ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಕ್ಕ ಅವನನ್ನು ನೋಡುತ್ತಾ ನಿಂತಳು.

“ಇಲ್ಲೇ ಇದ್ದೀಯ,” ಎಂದಳು.

ಬೈಯಲಿಲ್ಲ, ಅಳಲಿಲ್ಲ. ಅಷ್ಟು ಹೇಳಿ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೆಟ್ಟಿಲು ಇಳಿಯುವಾಗ ಹುಡುಗ ಕೊಡೆ ಎತ್ತಿಕೊಳ್ಳುವುದನ್ನೂ ಮರೆತಿದ್ದ. “ಹದಿನಾಲ್ಕು,” ಎಂದ. “ಸಹಾಯಕಿ ಸಿಗ್ತಾಳೆ, ಅನುಮಾನ ಬೇಡ.” ಆಮೇಲೆ, “ನೀವು ಕಲ್ಲು ಮನಸ್ಸಿನವರು ಮೇಡಂ,” ಎಂದ.

ಸಂಯೋಜಕಿ ಅಲ್ಲೇ ನಿಂತಳು. “ನಾನು ಕಲ್ಲಾ? ಮನುಷ್ಯ ನೆಲಕ್ಕೆ ಬಿದ್ದು ಒದ್ದಾಡೋ ತನಕ ಬಿದ್ದಿದಾನೆ ಅಂತ ಒಪ್ಪದ ನಿಯಮ ಬರೆದೋರು ಹೂವಾ? ನಾನು ಎಷ್ಟು ಸಲ ಬಾಯಿ ಬಡ್ಕೊಂಡೆ, ಅವರಿಗೆ ಕೈಲಾಗಲ್ಲ ಅಂತ? ನನ್ನ ಮಾತಿಗೆ ಅಂಕ ಇಲ್ಲ. ಅವರ ತಮ್ಮನ ಮಾತಿಗೆ ಅಂಕ ಇಲ್ಲ. ಅವರು ಖಾಲಿ ಪಾತ್ರೆ ಹಿಡ್ಕೊಂಡು ಕೂಗ್ಬೇಕು, ನೀವು ಅದನ್ನ ನಿಂತು ನೋಡ್ಬೇಕು, ಆಗ ಬರುತ್ತೆ ನಿಮಗೆ ನಂಬಿಕೆ! ಹೋಗಿ, ಹೋಗಿ ಹದಿನಾಲ್ಕು ಅಂತ ಬರ್ಕೊಳ್ಳಿ. ಚೆನ್ನಾಗಿ ಗುಂಡಗೆ ಬರ್ಕೊಳ್ಳಿ!”

ಹುಡುಗ ಮಳೆಗಿಳಿದು ಹೋದ. ಅವಳು ಮೆಟ್ಟಿಲ ಕಂಬಿಯನ್ನು ಹಿಡಿದು ನಿಂತೇ ಇದ್ದಳು. ಹೇಳಬೇಕಾದವರಿಗಲ್ಲದೆ ಬೇರೆಯವನಿಗೆ ಹೇಳಿದ್ದು ಅವಳಿಗೂ ಗೊತ್ತಿತ್ತು.

ಹೇಳಬೇಕಾದವನು, ಆ ಮೇಲಧಿಕಾರಿ, ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ಅವಳನ್ನು ಹೊಗಳಿದ. ನಾಲ್ಕೂ ವಿಭಾಗದವರು ಒಂದಾಗಿ ಒಂದು ಮನೆ ಉಳಿಸಿದ್ದಾರೆ, ಇದಕ್ಕೇ ಸಮನ್ವಯ ಎನ್ನುವುದು ಎಂದ. ಚಪ್ಪಾಳೆ ಬಿತ್ತು. ಮುಂದೆ ಇಂಥ ಮನೆಗಳಿಗೆ ಪರೀಕ್ಷೆಗೆ ಮೊದಲೇ ಮೇಡಂ ಹೋಗಿ ತಿಳಿ ಹೇಳಿ ಬಂದರೆ ಎಲ್ಲರಿಗೂ ಅನುಕೂಲ ಎಂದೂ ಸೇರಿಸಿದ.

“ಪರೀಕ್ಷೆ ಮಾಡೋ ರೀತಿ ಬದಲಾಯಿಸಿ,” ಎಂದಳು ಸಂಯೋಜಕಿ. “ಜೊತೇಲಿ ಬದುಕೋರನ್ನ ಕೇಳಿ, ಅವರ ಮಾತು ನಂಬಿ.”

“ಖಂಡಿತ ಯೋಚನೆ ಮಾಡೋಣ,” ಎಂದ ಮೇಲಧಿಕಾರಿ, ಬೆಣ್ಣೆ ಒಂದಿಷ್ಟೂ ಕರಗದೆ. ಮುಂದಿನ ಮನೆಯ ವಿಚಾರಕ್ಕೆ ಹೋದರು.

ಅವಳು ಮಾರನೇ ಬೆಳಿಗ್ಗೆ ಅಕ್ಕತಮ್ಮಂದಿರ ಮನೆಗೆ ಹೋದಳು. ಸಹಾಯಕಿ ಕೆಲಸಕ್ಕೆ ಸೇರಿ ಆಗಲೇ ಕೆಲವು ವಾರ ಕಳೆದಿತ್ತು. ಬಾಗಿಲಲ್ಲೇ ಸೋಪಿನ ವಾಸನೆ. ಆ ಹೊತ್ತಿಗೆ ಹೋಗಬೇಕಾಗಿದ್ದ ಸಹಾಯಕಿ, ದಪ್ಪನೆಯ ನಗುಮುಖದ ಹೆಂಗಸು, ಇನ್ನೂ ಅಲ್ಲೇ ಬಟ್ಟೆ ಮಡಚುತ್ತಿದ್ದಳು. ತಮ್ಮನಿಗೆ ಕ್ಷೌರವಾಗಿತ್ತು, ಅಂಗಿಯ ಗುಂಡಿಗಳೆಲ್ಲ ಸರಿಯಾಗಿ ಬಿದ್ದಿದ್ದವು. ಅಕ್ಕ ಅವನ ಪಕ್ಕದಲ್ಲೇ, ತನ್ನ ಬೆತ್ತದ ಕುರ್ಚಿಯಲ್ಲೇ ಇದ್ದಳು. ಎಲ್ಲ ಸರಿಯಾಗಿತ್ತು. ಇದಕ್ಕೇ ತಾನೇ ಇಷ್ಟು ಹೊಡೆದಾಡಿದ್ದು ಎಂದು ಸಂಯೋಜಕಿಗೆ ಎದೆ ತಣ್ಣಗಾಯಿತು.

ಅಕ್ಕ ಹಳೆಯ ಕಥೆ ಹೇಳತೊಡಗಿದಳು. ಶಾಲೆ ತಪಾಸಣೆಗೆ ಸಾಹೇಬರು ಬಂದಿದ್ದರಂತೆ, ಮಕ್ಕಳೆಲ್ಲ ಹೆದರಿ ನಡುಗುತ್ತಿದ್ದರಂತೆ. “ಸಾಹೇಬರು ಸೀದಾ ಹೋಗಿ ಆ, ಗೋಡೆ ಮೇಲಿರುತ್ತಲ್ಲ, ಸೀಮೆಸುಣ್ಣದಲ್ಲಿ ಬರೀತೀವಲ್ಲ, ಆ,” ಎಂದು ನಿಂತಳು.

ಸಂಯೋಜಕಿ ಅಭ್ಯಾಸಬಲದಿಂದ ಅವಳ ಕತ್ತಿನ ಕಡೆ ನೋಡಿದಳು. ಕತ್ತು ಎಡಕ್ಕೆ ವಾಲಲಿಲ್ಲ.

“ಕಪ್ಪು ಹಲಗೆ, ಅಕ್ಕ,” ಎಂದ ತಮ್ಮ.

ಅಕ್ಕ ಎದುರಿನ ಗೋಡೆಯಲ್ಲಿ ಹುಡುಕುತ್ತಿದ್ದಳು.

“ಅಕ್ಕ, ಕಪ್ಪು ಹಲಗೆ,” ಎಂದ, ಇನ್ನೂ ಜೋರಾಗಿ.

ಅಕ್ಕ ಬಟ್ಟೆ ಮಡಚುತ್ತಿದ್ದವಳ ಕಡೆ ತಿರುಗಿದಳು. “ಏನಮ್ಮ ಅದು? ಏನಂತಾರೆ ಅದನ್ನ?”

ಸಹಾಯಕಿ ತಮ್ಮನ ಮುಖ ನೋಡಿದಳು. ಅವನು ಹೇಳು ಎನ್ನುವಂತೆ ಕಣ್ಣು ಮುಚ್ಚಿ ತೆರೆದ. “ಕಪ್ಪು ಹಲಗೆ, ಟೀಚರಮ್ಮ,” ಎಂದಳು ಅವಳು, ತಪ್ಪು ಮಾಡಿದವಳ ಹಾಗೆ.

“ಹಾಂ, ಕಪ್ಪು ಹಲಗೆ!” ಕಥೆ ಮುಂದಕ್ಕೆ ಸಾಗಿತು.

ತಮ್ಮ ಸಂಯೋಜಕಿಯ ಕಡೆ ಬಾಗಿ ಹೇಳಿದ: “ಆವತ್ತಿಂದ ಹೀಗೇ ಮೇಡಂ. ಆ ಹುಡುಗ ಬಂದಿದ್ದು ಅವಳಿಗೆ ನೆನಪಿಲ್ಲ, ಮಳೆ ನೆನಪಿಲ್ಲ, ಟೀ ನೆನಪಿಲ್ಲ. ನನ್ನ ಕೇಳಿದ್ರೆ ಸಿಗಲ್ಲ ಅನ್ನೋದೊಂದು ಹೇಗೋ ಉಳ್ಕೊಂಡುಬಿಟ್ಟಿದೆ. ಈ ಅಮ್ಮ ಹೋದ್ಮೇಲೆ ಕಷ್ಟ. ಮಾತು ಸಿಗದೇ ಹೋದ್ರೆ ಸುಮ್ನೆ ಕೂತುಬಿಡ್ತಾಳೆ. ನಾನು ಪಕ್ಕದಲ್ಲೇ ಕೂತು ಹೇಳ್ತಾನೇ ಇರ್ತೀನಿ.”

ಸಂಯೋಜಕಿಗೆ ಬಾಯಿ ತುಂಬ ಬೈಗುಳ ಬಂತು. ನಿಯಮಕ್ಕೆ, ಮೇಲಧಿಕಾರಿಗೆ, ಆ ಚಪ್ಪಾಳೆಗೆ. ಒಂದೊಂದೂ ಅವರಿಗೆ ತಕ್ಕದ್ದೇ. ಆದರೆ ಒಂದೇ ದಿನ ತಾನೇ ಎಂದು ಕೇಳಿದವನಿಗೆ ಹೌದು ಎಂದವಳು ಅವಳೇ. ಇವನು ಅವಳಿಗೆ ಬೈಯಬಹುದಿತ್ತು, ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ. ಬಂದಿರಲ್ಲ, ಕೂತ್ಕೊಳ್ಳಿ, ನೀರು ಕುಡೀರಿ ಎಂದ.

“ಯಜಮಾನ್ರೇ, ನಾನು...” ಎಂದು ಅವಳು ಅವನ ಕಡೆ ತಿರುಗಿದಳು.

ಅಕ್ಕ ಕಥೆ ನಿಲ್ಲಿಸಿದಳು. ಸಂಯೋಜಕಿ ಏನೋ ಕೇಳಲು ಹೊರಟಿದ್ದಾಳೆ ಎಂದುಕೊಂಡಳೇನೋ, ಮುಂದಕ್ಕೆ ಬಾಗಿ ಅವಳ ಮೊಣಕೈ ಮುಟ್ಟಿದಳು. ತಮ್ಮನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

“ಅವನನ್ನ ಕೇಳ್ಬೇಡಮ್ಮ. ಎಲ್ಲರೆದುರಿಗೆ ಕೇಳಿದ್ರೆ ಅವನಿಗೆ ನಾಚಿಕೆ ಆಗುತ್ತೆ. ಪಾಪ, ಅವನಿಗೇನೂ ಬರಲ್ಲ.”

ತಮ್ಮನಿಗೆ ಅದು ಕೇಳಿಸಿತ್ತು. ಅವನು ಅಕ್ಕನನ್ನೇ ನೋಡುತ್ತಾ ತಲೆಯಾಡಿಸಿದ.

“ಹೌದು ಮೇಡಂ,” ಎಂದ. “ನಂಗೇನೂ ಬರಲ್ಲ.”